ಅಳತೆ ಬರೆಯದಿದ್ದರೆ ಅರ್ಧ ಅಂಕ

ಕಲಾ ಇತಿಹಾಸ ನಮ್ಮ ಬ್ಯಾಚಿಗೆ ಬೇಡದ ಕೂಸು. ಬಣ್ಣ ಕಲಸಲು ಬಂದವರಿಗೆ ಇಸವಿ ಉರು ಹೊಡೆಯುವ ಕರ್ಮವೇಕೆ ಎಂದು ಗೊಣಗುತ್ತಲೇ, ಮಧ್ಯಾಹ್ನದ ಊಟ ಮುಗಿಸಿ ಸ್ಲೈಡ್ ಕೋಣೆಗೆ ಹೋಗುತ್ತಿದ್ದೆವು. ಕಿಟಕಿಗೆ ಕಪ್ಪು ಬಟ್ಟೆ, ಕಿರುಗುಟ್ಟುವ ಫ್ಯಾನು, ಪ್ರೊಜೆಕ್ಟರಿನ ಬಿಸಿಗಾಳಿ. ನಿದ್ದೆಗೆ ಇನ್ನೇನು ಬೇಕು? ಆದರೆ ಮೇಡಂ ನಿದ್ದೆ ಮಾಡಲು ಬಿಡುತ್ತಿರಲಿಲ್ಲ. ಸ್ಲೈಡ್ ಬಿದ್ದ ಕೂಡಲೇ ಹೆಸರು ಹೇಳುವಂತಿಲ್ಲ, ಮೊದಲು ಕಣ್ಣಿಗೆ ಕಾಣುವುದನ್ನು ಹೇಳಬೇಕು: ಕಲ್ಲೋ ಮಣ್ಣೋ, ಉಬ್ಬುಶಿಲ್ಪವೋ ಸುತ್ತಲೂ ಕಡೆದ ದುಂಡುಶಿಲ್ಪವೋ, ಕೆತ್ತಿದ್ದೋ ಬಳಿದದ್ದೋ. ಆಮೇಲೆ ಹೆಸರು, ಸಿಕ್ಕಿದ ಜಾಗ, ಕಾಲ, ಮಾಧ್ಯಮ, ಅಳತೆ. ಉಳಿದದ್ದೆಲ್ಲ ಸರಿಯಿದ್ದರೂ ಅಳತೆ ಬರೆಯದಿದ್ದರೆ ಅರ್ಧ ಅಂಕ. ಇದು ಶುದ್ಧ ಅನ್ಯಾಯವೆಂದು ಹಾಸ್ಟೆಲಿನಲ್ಲಿ ನಾವು ಎಷ್ಟೋ ರಾತ್ರಿ ಕೂಗಾಡಿದ್ದೇವೆ.

ವಿಲ್ಲೆನ್‌ಡಾರ್ಫ್‌ನ ಸ್ತ್ರೀಮೂರ್ತಿಯ ಪಾಠದ ದಿನ ಕೂಗಾಟ ಸ್ವಲ್ಪ ತಗ್ಗಿತು. ಗೋಡೆಯ ಮೇಲೆ ಅವಳು ಆಳೆತ್ತರ ನಿಂತಿದ್ದಳು. ಭಾರವಾದ ಸ್ತನ, ಉಬ್ಬಿದ ಹೊಟ್ಟೆ, ಮುಖವೇ ಇಲ್ಲದ ತಲೆಯ ಸುತ್ತ ಸಾಲು ಸಾಲು ಸುರುಳಿ. ದೇವಾಲಯದ ಮೂರ್ತಿಯಿರಬೇಕೆಂದು ಯಾರೋ ಹೇಳಿದರು. ಮೇಡಂ ದೀಪ ಹಾಕಿ, ಶಿಲ್ಪ ವಿಭಾಗದಿಂದ ತರಿಸಿದ್ದ ಜೇಡಿಮಣ್ಣಿನ ಮುದ್ದೆಗಳನ್ನು ಹಂಚಿ, 11 ಸೆಂಟಿಮೀಟರ್ ಎತ್ತರಕ್ಕೆ ಆ ಮೂರ್ತಿಯನ್ನು ಮಾಡಿ ಎಂದರು. 1908ರಲ್ಲಿ ಆಸ್ಟ್ರಿಯಾದಲ್ಲಿ ಸಿಕ್ಕಿದ, 25,000 ವರ್ಷಗಳಿಗೂ ಹಳೆಯದಾದ ಆ ಸುಣ್ಣಕಲ್ಲಿನ ಮೂರ್ತಿ ಅಂಗೈಯಲ್ಲಿ ಅಡಗುವಷ್ಟೇ ಇದೆ. ನಾವು ಮಾಡಿದ್ದನ್ನು ಮೇಜಿನ ಮೇಲೆ ನಿಲ್ಲಿಸಲು ಹೋದರೆ ಒಂದೂ ನಿಲ್ಲಲಿಲ್ಲ. ಮೂಲಕ್ಕೇ ಪಾದಗಳಿಲ್ಲ. ಹಿಡಿದುಕೊಳ್ಳುವುದಕ್ಕೆ ಮಾಡಿದ್ದಿರಬಹುದೆಂದು ಹೇಳುವವರ ಮಾತು, ಮಣ್ಣು ಕೈಯಲ್ಲಿದ್ದಾಗ ತಾನಾಗಿಯೇ ಅರ್ಥವಾಯಿತು. ಕಲ್ಲಿನ ಮೇಲೆ ಕೆಂಪು ಕಾವಿಯ ಗುರುತು ಉಳಿದಿದೆ ಎಂದಾಗ ಒಬ್ಬಳು ತನ್ನದಕ್ಕೆ ಕೆಮ್ಮಣ್ಣು ತಿಕ್ಕಿ ವರ್ಷಪೂರ್ತಿ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು.

ಚಿತ್ರದ ಒಳಗಿನ ಅಳತೆಯದು ಇನ್ನೊಂದು ಕಥೆ. ಈಜಿಪ್ಟಿನ ರಾಜ ನಾರ್ಮರನನ್ನು ಕೆತ್ತಿದ ಕಲ್ಲಿನ ನಾರ್ಮರ್ ಫಲಕ ಕ್ರಿಸ್ತಪೂರ್ವ 3100ರ ಆಸುಪಾಸಿನದು, ಎತ್ತರ ಸುಮಾರು 64 ಸೆಂಟಿಮೀಟರ್. ರಾಜ ಗದೆಯೆತ್ತಿ ಶತ್ರುವಿನ ಜುಟ್ಟು ಹಿಡಿದಿದ್ದಾನೆ. ಹಿಂದೆ ಪಾದರಕ್ಷೆ ಹಿಡಿದ ಒಬ್ಬ, ರಾಜನ ಅರ್ಧದಷ್ಟೂ ಇಲ್ಲ. "ಇವನು ಮಗುವೇ?" ಎಂದು ಮೇಡಂ ಕೇಳಿದರು. "ದೂರದಲ್ಲಿದ್ದಾನೆ ಮೇಡಂ" ಎಂಬ ಉತ್ತರ ಹಿಂದಿನ ಬೆಂಚಿನಿಂದ ಬಂತು. ದೂರದಲ್ಲಿಲ್ಲ. ತನ್ನದೇ ಪುಟ್ಟ ನೆಲಗೆರೆಯ ಮೇಲೆ ನಿಂತ ಸೇವಕ ಅವನು. ಅಂತಸ್ತು ಚಿಕ್ಕದು, ಆಳೂ ಚಿಕ್ಕವನು. ಆ ಉತ್ತರ ಕೊಟ್ಟವನೇ ತರಗತಿಯ ಉದ್ದನೆಯ ಹುಡುಗ. ಅವನನ್ನೇ ಮುಂದೆ ಕರೆದು ರಾಜನ ಭಂಗಿಯಲ್ಲಿ ನಿಲ್ಲಿಸಿದರು. ಮುಖ ಪಕ್ಕಕ್ಕೆ, ಕಣ್ಣು ಎದುರಿಗೆ, ಭುಜ ಎದುರಿಗೆ, ಕಾಲು ಪಕ್ಕಕ್ಕೆ. ಸೊಂಟ ತಿರುಗಿಸಿ ತಿರುಗಿಸಿ ಬೆವರಿದ ಅವನು ಕೊನೆಗೆ ಬೋರ್ಡಿಗೆ ಒರಗಿ ನಿಂತ. ಯಾವ ಮನುಷ್ಯನೂ ಹಾಗೆ ನಿಲ್ಲಲಾರ; ಆದರೆ ದೇಹದ ಪ್ರತಿ ಭಾಗವನ್ನೂ ಅದು ಚೆನ್ನಾಗಿ ಗುರುತು ಸಿಗುವ ಕಡೆಯಿಂದ ತೋರಿಸಬೇಕಾದರೆ ಇದೇ ದಾರಿ. ಈಜಿಪ್ಟಿನವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ ಎಂಬ ಮಾತನ್ನು ಅಂದಿನಿಂದ ನಮ್ಮ ಬ್ಯಾಚಿನವರು ಯಾರೂ ಆಡಲಿಲ್ಲ.

ನನಗೆ ಬಹಳ ಹಿಡಿಸಿದ್ದು ಊರ್ ನಗರದ 'ಸ್ಟ್ಯಾಂಡರ್ಡ್'. ಈಗಿನ ಇರಾಕಿನಲ್ಲಿ, 1920ರ ದಶಕದಲ್ಲಿ ಲಿಯೊನಾರ್ಡ್ ವೂಲಿ ರಾಜಸ್ಮಶಾನವನ್ನು ಅಗೆಸುತ್ತಿದ್ದಾಗ ಸಿಕ್ಕಿದ್ದು, ಕ್ರಿಸ್ತಪೂರ್ವ 2500ರ ಸುಮಾರಿನದು. ಕಪ್ಪೆಚಿಪ್ಪು, ಕೆಂಪು ಸುಣ್ಣಕಲ್ಲು, ಆಫ್ಘಾನಿಸ್ತಾನದ ಕಡೆಯಿಂದ ಬಂದ ನೀಲಿ ಕಲ್ಲು ಲಾಜವರ್ದ, ಇವನ್ನೆಲ್ಲ ಮರದ ಮೇಲೆ ಕಪ್ಪು ಡಾಂಬರಿನಲ್ಲಿ ಕೂರಿಸಿದ್ದಾರೆ. ಮರ ಮಣ್ಣಾಗಿ ಹೋಗಿತ್ತು; ಚೂರುಗಳು ಚದುರದಂತೆ ವೂಲಿ ಮೇಣ ಸುರಿದು ಎತ್ತಿದರು. ಹಾಗಾಗಿ ಇಂದು ಕಾಣುವ ಪೆಟ್ಟಿಗೆಯ ಆಕಾರವೇ ಒಂದು ಊಹೆ. ಕೋಲಿನ ಮೇಲೆ ಹೊತ್ತ ಲಾಂಛನವೆಂದು ಅವರು ಎಣಿಸಿದ್ದರಿಂದ ಆ ಹೆಸರು ಅಂಟಿಕೊಂಡಿತು. ವಾದ್ಯವೊಂದರ ಪೆಟ್ಟಿಗೆಯಿರಬಹುದೆಂದು ಹೇಳುವವರೂ ಇದ್ದಾರೆ. ಪೆಟ್ಟಿಗೆಯ ಯುದ್ಧದ ಚಿತ್ರವಿರುವ ಬದಿಯಲ್ಲಿ ಒಂದರ ಮೇಲೊಂದು ಮೂರು ಪಟ್ಟಿಕೆ. ನಾವೆಲ್ಲ ಮೇಲಿನಿಂದ ಓದಲು ತೊಡಗಿದೆವು. ಕಥೆ ಕೂಡಲಿಲ್ಲ, ರಾಜ ಮೊದಲೇ ಗೆದ್ದುಬಿಟ್ಟಿದ್ದ.

"ವೀರಗಲ್ಲನ್ನು ಹೇಗೆ ಓದುತ್ತೀರಿ?" ಎಂದರು ಮೇಡಂ. ಅಷ್ಟು ಸಾಕಾಯಿತು. ನಮ್ಮ ಊರುಗಳ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ತುದಿಯಲ್ಲಿ ಶಿವಲಿಂಗದ ಎದುರು ಅವನು. ಊರ್‌ನಲ್ಲೂ ಕೆಳಗಿನಿಂದ ಹತ್ತಬೇಕು: ಕೆಳಪಟ್ಟಿಕೆಯಲ್ಲಿ ಶತ್ರುಗಳನ್ನು ತುಳಿದು ಓಡುವ ನಾಲ್ಕು ಗಾಲಿಯ ರಥಗಳು, ನಡುವೆ ಸೈನಿಕರು ಮತ್ತು ಸೆರೆಯಾಳುಗಳು, ಮೇಲೆ ಸೆರೆಯಾಳುಗಳನ್ನು ನೋಡುತ್ತ ನಿಂತ ರಾಜ. ಅವನ ತಲೆ ಮೇಲಂಚಿನ ಗೆರೆಯನ್ನೂ ದಾಟಿದೆ. ಎರಡಕ್ಕೂ ಯಾವ ನಂಟೂ ಇಲ್ಲ, ನಡುವೆ ಮೂರು ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ ಎಂದು ಮೇಡಂ ಕೂಡಲೇ ಎಚ್ಚರಿಸಿದರು. ಇಲ್ಲದಿದ್ದರೆ ನಮ್ಮಲ್ಲಿ ಕೆಲವರು ಆ ಸಂಜೆಯೇ ಊರ್‌ನ ಸುಮೇರಿಯನ್ನರನ್ನು ಕನ್ನಡಿಗರನ್ನಾಗಿ ಮಾಡಿಬಿಡುತ್ತಿದ್ದರು.

ಪ್ರವಾಸ ಹೋದದ್ದು ಬಳ್ಳಾರಿ ಬಳಿಯ ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳಿಗೆ. ಬಿಸಿಲಿನ ಬಗ್ಗೆ ಬರೆಯುವುದಿಲ್ಲ, ಬಳ್ಳಾರಿ ಎಂದರೆ ಸಾಕು. ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಉದ್ದ ಕೊಂಬಿನ, ಇಣಿಯಿರುವ ಗೂಳಿಗಳನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಹಳೆಯವು ನವಶಿಲಾಯುಗದ ದನಗಾಹಿಗಳ ಕೈಕೆಲಸ. ಮಧ್ಯಾಹ್ನದ ನೆತ್ತಿಯ ಬೆಳಕಿನಲ್ಲಿ ಏನೂ ಕಾಣಲಿಲ್ಲ. ಹೊತ್ತು ಇಳಿದು ಬೆಳಕು ಓರೆಯಾದಾಗ ಒಂದೊಂದೇ ಕೊಂಬು ಎದ್ದು ಬಂತು. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯ ನಾದ ಬರುತ್ತದೆ. ಕುಟ್ಟುವುದು, ಕೊರೆಯುವುದು, ಬಳಿಯುವುದು ಬೇರೆ ಬೇರೆ ಎಂದು ಪುಸ್ತಕದಲ್ಲಿ ಓದಿದ್ದೆ. ಆ ಕುಳಿಗಳ ಮೇಲೆ ಬೆರಳಾಡಿಸಬೇಕೆಂಬ ಆಸೆಯನ್ನು ಮೇಡಂ ಕಣ್ಣಲ್ಲೇ ಗದರಿ ತಡೆದರು.

ಮುಂದೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದೇ ನನ್ನ ಕಸುಬಾಯಿತು. ಕೆಲಸದ ನೆಪದಲ್ಲಿ ಲಂಡನ್ನಿಗೆ ಹೋದಾಗ ಬ್ರಿಟಿಷ್ ಮ್ಯೂಸಿಯಂನಲ್ಲಿ ಊರ್‌ನ ಪೆಟ್ಟಿಗೆಯನ್ನು ಕಂಡೆ. ಅಗಲ 50 ಸೆಂಟಿಮೀಟರಿಗೂ ತುಸು ಕಡಿಮೆ, ಎತ್ತರ ಅದರ ಅರ್ಧಕ್ಕಿಂತ ಕಡಿಮೆ. ಅಂಕಿ ಬಾಯಿಪಾಠವಾಗಿದ್ದರೂ ಅಷ್ಟು ಚಿಕ್ಕದೆಂದು ಮನಸ್ಸು ಒಪ್ಪಿರಲಿಲ್ಲ. ಬಗ್ಗಿ ನೋಡಿದರೆ ಕೆಳಪಟ್ಟಿಕೆಯ ರಥಗಳಲ್ಲಿ ಎಡಗಡೆಯದನ್ನು ಎಳೆಯುವ ಪ್ರಾಣಿಗಳು ನಡೆಯುತ್ತಿವೆ, ಬಲಕ್ಕೆ ಹೋದಂತೆ ಓಟ ಹಿಡಿಯುತ್ತವೆ. ನಮ್ಮ ಕಾಲೇಜಿನ ಸ್ಲೈಡ್ ಕೆಂಪಾಗಿ ಮಾಸಿದ್ದರಿಂದ ಆ ಕಾಲುಗಳೇ ಅದರಲ್ಲಿ ಕಾಣುತ್ತಿರಲಿಲ್ಲ.

ಹಳೆಯ ವಿದ್ಯಾರ್ಥಿಗಳ ಸಂಘ ವಿಭಾಗಕ್ಕೆ ಹೊಸ ಪ್ರೊಜೆಕ್ಟರ್ ಕೊಡಿಸಲಿದೆಯಂತೆ. ನನ್ನ ಪಾಲಿನ ಹಣ ಕೊಡುತ್ತೇನೆ, ಜೊತೆಗೆ ಒಂದು ತಕರಾರು ದಾಖಲಿಸುತ್ತೇನೆ. ಅದೇ ದುಡ್ಡಿನಲ್ಲಿ ಶಿಲ್ಪ ವಿಭಾಗದ ಹುಡುಗರಿಂದ ವಿಲ್ಲೆನ್‌ಡಾರ್ಫ್‌ನ ಮೂರ್ತಿ, ನಾರ್ಮರ್ ಫಲಕ, ಊರ್‌ನ ಪೆಟ್ಟಿಗೆ ಮೂರನ್ನೂ ನಿಜ ಅಳತೆಯಲ್ಲಿ ಮಾಡಿಸಬಹುದು. ಡಾಂಬರು ಮತ್ತು ಕಪ್ಪೆಚಿಪ್ಪಿನ ಖರ್ಚು ನನ್ನದು. ಲಾಜವರ್ದಕ್ಕೆ ಮಾತ್ರ ನೀಲಿ ಬಣ್ಣ ಬಳಿದುಕೊಳ್ಳಲಿ.