ಸ್ವಲ್ಪ ಎಕೋ ಕೊಡಪ್ಪಾ

ಹೋದ ವರ್ಷ ಗಣಪತಿ ಹಬ್ಬದ ಟೈಮಲ್ಲಿ ನಮ್ಮ ಬಡಾವಣೆ ಪೆಂಡಾಲಲ್ಲಿ ಆಗಿದ್ದು ಇದು. ಬರೀಬೇಕಾ ಬೇಡ್ವಾ ಅಂತ ಇಷ್ಟು ದಿನ ತಳ್ತಾ ಬಂದೆ, ಈಗ ಮತ್ತೆ ಹಬ್ಬದ ಮೀಟಿಂಗ್ ಶುರುವಾಗಿದೆ, ಬರೆದೇ ಬಿಡ್ತೀನಿ.

ಶಿವಮೊಗ್ಗದ ಮಳೆ ಗೊತ್ತಲ್ಲ, ಸಣ್ಣಗೆ ಜಿನುಗ್ತಾನೇ ಇತ್ತು. ಸ್ಟೇಜಿನ ಎಡಗಡೆ ನೀಲಿ ಟಾರ್ಪಲ್ ಕೆಳಗೆ ಮೈಕ್ ಸಾಬ್ರು ಪ್ಲಾಸ್ಟಿಕ್ ಕುರ್ಚಿ ಮೇಲೆ ಮಿಕ್ಸರ್ ಇಟ್ಕೊಂಡು, ಹನಿ ಬೀಳಬಾರದು ಅಂತ ಅದರ ಅಂಚಿಗೆ ಟವೆಲ್ ಸುತ್ತಿ ಕೂತಿದ್ರು. ಹೆಸ್ರು ಇದೆ ಅವರಿಗೆ, ಆದ್ರೆ ಎಲ್ರೂ ಮೈಕ್ ಸಾಬ್ರು ಅಂತ್ಲೇ ಕರೆಯೋದು. ನಾನು ಚಡ್ಡಿ ಹಾಕ್ಕೊಂಡು ಪ್ರಸಾದಕ್ಕೆ ಕ್ಯೂ ನಿಲ್ತಿದ್ದ ಕಾಲದಿಂದಲೂ ನಮ್ಮ ಗಣಪತಿಗೆ ಅವರದ್ದೇ ಮೈಕು, ಬೆಳಿಗ್ಗೆ ಸುಪ್ರಭಾತ ಹಾಕೋದೂ ಅವರೇ, ಮಂಗಳಾರತಿ ಹೊತ್ತಿಗೆ ಗಂಟೆ ಸದ್ದು ಮೈಕಲ್ಲಿ ಕಿವಿ ಕೊರೀಬಾರ್ದು ಅಂತ ಯಾರೂ ಹೇಳದೆನೇ ವಾಲ್ಯೂಮ್ ಇಳಿಸೋದೂ ಅವರೇ.

ಅವತ್ತು ಒಬ್ಬ ಲೀಡರ್ ಬಂದಿದ್ರು. ಯಾವ ಪಾರ್ಟಿ ಅಂತ ಹೇಳಲ್ಲ, ಹೇಳಿದ್ರೆ ಅರ್ಧ ಜನ ಓದೋದನ್ನ ಇಲ್ಲಿಗೇ ನಿಲ್ಲಿಸ್ತಾರೆ. ಐದು ನಿಮಿಷ ಮಾತಾಡ್ತೀನಿ ಅಂದೋರು ಅರ್ಧ ಗಂಟೆ ಆದ್ರೂ ಇಳೀಲಿಲ್ಲ, ಜನ ಯಾವಾಗ ನಗ್ತಾರೆ ಅಂತ ಗೊತ್ತಾದ್ಮೇಲೆ ಅದೇ ದಾರಿ ಹಿಡಿದ್ರು. ಬೆಳಿಗ್ಗೆ ನಮ್ಮ ನಿದ್ದೆ ಹೆಂಗೆ ಕೆಡಿಸ್ತಾರೆ ಗೊತ್ತಲ್ಲ ನಿಮಗೆ ಅಂತ ಹೇಳಿ, ಒಂದು ಕೈ ಕಿವಿ ಮೇಲಿಟ್ಕೊಂಡು ಎಡಕ್ಕೆ ತಿರುಗಿ ಅಂದ್ರು, ಸ್ವಲ್ಪ ಎಕೋ ಕೊಡಪ್ಪಾ.

ನಾನು ಸಮಿತಿ ಖಜಾಂಚಿ, ಟಾರ್ಪಲ್ ಪಕ್ಕದಲ್ಲೇ ನಿಂತಿದ್ದೆ. ಮೈಕ್ ಸಾಬ್ರ ಬೆರಳಲ್ಲಿ ಇನ್ಸುಲೇಷನ್ ಟೇಪಿನ ಕಪ್ಪು ಅಂಟು ಇತ್ತು, ಆ ಬೆರಳಲ್ಲೇ ಎಕೋ ನಾಬ್ ಹಿಡಿದು ಒಂದು ಸಲ ಸ್ಟೇಜ್ ಕಡೆ ನೋಡಿದ್ರು, ಆಮೇಲೆ ನಿಧಾನಕ್ಕೆ ತಿರುಗಿಸಿದ್ರು. ಲೀಡರ್ ಮಸೀದಿಲಿ ಬಾಂಗ್ ಕೂಗಿದಂಗೆ ಎಳೆದೂ ಎಳೆದೂ ಏನೋ ಕೂಗಿದ್ರು, ಎಕೋ ಚೆನ್ನಾಗೇ ಬಂತು, ಪೆಂಡಾಲ್ ಪೂರ್ತಿ ಬಿದ್ದೂ ಬಿದ್ದೂ ನಕ್ಕಿತು, ಮುಂದೆ ಕೂತಿದ್ದ ಮಕ್ಕಳು ಕಿವಿಗೆ ಕೈ ಇಟ್ಕೊಂಡು ಅದನ್ನೇ ಮಾಡೋಕೆ ಶುರು ಮಾಡಿದ್ವು. ನಾನು ನಗ್ಲಿಲ್ಲ. ಆದ್ರೆ ಏನೂ ಹೇಳ್ಲೂ ಇಲ್ಲ. ಭಾಷಣ ಮುಗಿದ ತಕ್ಷಣ ಸಾಬ್ರು ಎಕೋನ ಸೊನ್ನೆಗೆ ತಂದ್ರು, ಯಾಕಂದ್ರೆ ಮುಂದಿನದು ನಮ್ಮ ಬೀದಿ ಹೆಂಗಸರ ಭಜನೆ, ಭಜನೆಗೆ ಎಕೋ ಇದ್ರೆ ಮಾತು ಕೇಳ್ಸಲ್ಲ. ರಾತ್ರಿ ವೈರನ್ನ ಮೊಣಕೈಗೂ ಅಂಗೈಗೂ ಸುತ್ತಿ ಸುತ್ತಿ ಕಟ್ತಾ ಇದ್ದಾಗ ದುಡ್ಡು ಕೊಡೋಕೆ ಹೋದೆ. ಎಣಿಸದೆ ಜೇಬಿಗೆ ಹಾಕ್ಕೊಂಡು, ಸೌಂಡ್ ಸರಿ ಬಂತಲ್ವಾ ಸರ್ ಅಂತ ಮಾತ್ರ ಕೇಳಿದ್ರು.

ಆಮೇಲೆ ಈ ಬಗ್ಗೆ ಮಾತಾಡಿದಾಗ ಸಮಿತಿಯೋರು ಹೇಳಿದ್ದು ಒಂದೇ ಮಾತು, ಬಿಡು ಮಾರಾಯ, ತಮಾಷೆಗೆ ಹೇಳಿದ್ದು. ಈ ತಮಾಷೆಗೆ ಅನ್ನೋ ಮಾತನ್ನ ಅದೇ ವರ್ಷ ಮೇ ತಿಂಗಳಲ್ಲಿ ಬೇರೆ ಕಡೆಯಿಂದ ಕೇಳಿದ್ದೆ.

ನನ್ನ ಹೈಸ್ಕೂಲ್ ಫ್ರೆಂಡ್ ಒಬ್ಬ ಕ್ಯಾಥೊಲಿಕ್, ಅವನ ಅಮ್ಮನ ಕೈ ಊಟ ಎಷ್ಟು ತಿಂದಿದೀನೋ ಲೆಕ್ಕ ಇಲ್ಲ. ಪೋಪ್ ಫ್ರಾನ್ಸಿಸ್ 2025ರ ಏಪ್ರಿಲ್ 21ಕ್ಕೆ, ಈಸ್ಟರ್ ಮಾರನೇ ದಿನ ತೀರಿಕೊಂಡ್ರು. ಅಮ್ಮ ಫೋಟೋ ಮುಂದೆ ಮೇಣದಬತ್ತಿ ಹಚ್ಚಿಟ್ಟಿದ್ರು, ಏಪ್ರಿಲ್ 26ರ ಅಂತ್ಯಕ್ರಿಯೆನ ಟಿವಿ ಮುಂದೆ ಜಪಸರ ಹಿಡ್ಕೊಂಡು ಕೂತು ಪೂರ್ತಿ ನೋಡಿದ್ರು. ಅಮೆರಿಕದ ಅಧ್ಯಕ್ಷ ಟ್ರಂಪ್ ಕೂಡ ಅಲ್ಲಿಗೆ ಹೋಗಿದ್ರು. ನಮ್ಮಲ್ಲಿ ಸೂತಕ ಇದ್ದಂಗೆ ಅವರಲ್ಲೂ ಪೋಪ್ ತೀರಿಕೊಂಡ್ರೆ ಅಂತ್ಯಕ್ರಿಯೆ ದಿನದಿಂದ ಒಂಬತ್ತು ದಿನ ಪೂಜೆ ಇರತ್ತೆ, ಅದು ಮುಗಿಯೋದು ಮೇ 4ಕ್ಕೆ. ಅದಕ್ಕೆ ಮುಂಚೆನೇ, ಮೇ 2ರ ರಾತ್ರಿ, ಟ್ರಂಪ್ ತನ್ನ ಅಕೌಂಟಿಂದ ಒಂದು ಎಐ ಚಿತ್ರ ಹಾಕಿದ್ರು, ಬಿಳಿ ನಿಲುವಂಗಿ, ಎತ್ತರದ ಟೋಪಿ, ಕೊರಳಲ್ಲಿ ಶಿಲುಬೆ, ಬೆರಳೆತ್ತಿ ಕೂತಿರೋ ಪೋಪ್ ವೇಷದ ಟ್ರಂಪ್. ವೈಟ್ ಹೌಸ್ ಅಕೌಂಟೂ ಅದನ್ನ ಹಂಚಿಕೊಳ್ತು. ಸಾವಿನ ಮನೆಗೆ ಹೋಗಿ ಬಂದು ಒಂದು ವಾರ ಆಗಿತ್ತು ಅಷ್ಟೇ.

ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೂ ಬಂತು, ನಗೋ ಇಮೋಜಿಗಳು ಸಾಲಾಗಿ ಬಿದ್ವು. ನನ್ನದೂ ಒಂದಿತ್ತು ಅದರಲ್ಲಿ. ಸಂಜೆ ಅವನ ಮನೆಗೆ ಹೋದಾಗ ಅಮ್ಮ ಫೋನ್ ಹಿಡ್ಕೊಂಡು ಬಂದು ಕೇಳಿದ್ರು, ಇದು ಯಾರೋ ಹುಡುಗ್ರು ಮಾಡಿ ಬಿಟ್ಟಿದ್ದಲ್ವಾ ಮಗಾ, ಪ್ರೆಸಿಡೆಂಟೇ ಹಾಕಿರಲ್ಲ ಅಲ್ವಾ. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಹುಡುಗ್ರು ಮಾಡಿದ್ದು ಅಂತ ನಾನು ಹೇಳ್ಲಿ ಅಂತ ಕಾಯ್ತಾ ಇದ್ರು. ನಾನು ಹೌದಮ್ಮ ಅವರೇ ಹಾಕಿದ್ದು ಅಂದೆ. ಅವರು ಒಳಗೆ ಹೋಗಿ ಟೀ ಮಾಡ್ಕೊಂಡು ಬಂದ್ರು, ಮತ್ತೆ ಆ ವಿಷಯ ಎತ್ತಲಿಲ್ಲ. ರಾತ್ರಿ ಆ ಇಮೋಜಿ ಡಿಲೀಟ್ ಮಾಡೋಕೆ ಹೋದೆ, ಅಷ್ಟರಲ್ಲಿ ಅವನು ಗ್ರೂಪ್ ಬಿಟ್ಟಿದ್ದ. ನ್ಯೂಯಾರ್ಕಿನ ಬಿಷಪ್ಪರು ಇದರಲ್ಲಿ ಜಾಣತನವೂ ಇಲ್ಲ ತಮಾಷೆಯೂ ಇಲ್ಲ, ನಮ್ಮನ್ನ ಗೇಲಿ ಮಾಡಬೇಡಿ ಅಂತ ನೇರವಾಗೇ ಹೇಳಿದ್ರು. ಪತ್ರಕರ್ತರು ಕೇಳಿದ್ದಕ್ಕೆ ಟ್ರಂಪ್, ತಮಾಷೆ ತಡ್ಕೊಳೋಕೆ ಆಗಲ್ವಾ ಅನ್ನೋ ಥರ ಮಾತಾಡಿ, ಚಿತ್ರ ಯಾರೋ ಮಾಡಿದ್ದು, ಕ್ಯಾಥೊಲಿಕರಿಗೆ ಅದು ಇಷ್ಟ ಆಗಿದೆ ಅಂದುಬಿಟ್ರು.

ವಾಷಿಂಗ್ಟನ್ ಎಲ್ಲಿ, ನಮ್ಮ ಬಡಾವಣೆ ಪೆಂಡಾಲ್ ಎಲ್ಲಿ, ಆದ್ರೆ ನನಗೆ ಎರಡೂ ಒಂದೇ ಥರ ಕಂಡ್ವು. ದೊಡ್ಡ ಕುರ್ಚಿ ಮೇಲಿರೋರು ತಮಾಷೆ ಮಾಡ್ತಾರೆ, ಕೆಳಗಿರೋರಿಗೆ ನಗದೆ ಬೇರೆ ದಾರಿ ಇಲ್ಲ, ನಗದಿದ್ರೆ ನಿಂಗೆ ಹಾಸ್ಯಪ್ರಜ್ಞೆ ಇಲ್ಲ ಅನ್ನೋ ಮಾತನ್ನೂ ಕೇಳಿಸ್ಕೋಬೇಕು.

ನಮ್ಮ ಊರು ತೀರ್ಥಹಳ್ಳಿ ಕಡೆ. ಚಳಿಗಾಲದಲ್ಲಿ ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳು ಹರಕೆ ಆಟಕ್ಕೆ ಬರೋವು, ಗದ್ದೆ ಕೊಯ್ಲಾದ ಬಯಲಲ್ಲಿ ಚಾಪೆ ಹಾಕ್ಕೊಂಡು ಬೆಳಗಿನ ತನಕ ನೋಡ್ತಿದ್ವಿ. ಯಕ್ಷಗಾನದಲ್ಲಿ ಹಾಸ್ಯಗಾರ ಅಂತ ಬೇರೆ ವೇಷನೇ ಇರತ್ತಲ್ಲ, ದೂತನಾಗಿ ಬರ್ತಾನೆ, ಬ್ರಾಹ್ಮಣನಾಗಿ ಬರ್ತಾನೆ, ಮುದುಕಿಯಾಗಿ ಬರ್ತಾನೆ, ಮಾತೆಲ್ಲ ಅಲ್ಲಲ್ಲೇ ಹುಟ್ಟೋದು, ದೇವೇಂದ್ರನ ಸಭೆಲಿ ನಿಂತು ದೇವೇಂದ್ರಂಗೇ ಟಾಂಗ್ ಕೊಡ್ತಾನೆ, ಭಟ್ರನ್ನ ಆಡ್ಕೊಳ್ತಾನೆ, ಮುಂದೆ ಕೂತ ಭಟ್ರೇ ಹೊಟ್ಟೆ ಹಿಡ್ಕೊಂಡು ನಗ್ತಾರೆ. ಯಾರಿಗೂ ಧರ್ಮಕ್ಕೆ ಧಕ್ಕೆ ಆಗಲ್ಲ. ವೇಷ ಕಟ್ಟದೆ ಕೂತು ಮಾತಲ್ಲೇ ನಡೆಸೋ ತಾಳಮದ್ದಳೆಲಿ ಬಾಣ ತಿಂದು ಬಿದ್ದಿರೋ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ ಅಂತ ರಾಮನ್ನ ಒಂದು ಗಂಟೆ ಬೆವರಿಳಿಸ್ತಾನೆ, ರಾಮಭಕ್ತರೇ ಭಲೇ ಅಂತಾರೆ.

ಒಂದ್ಸಲ ನಮ್ಮೂರ ಆಟದಲ್ಲಿ ಕಿರೀಟ ಕಟ್ಟಿದ ರಾಜವೇಷದೋರು ಜನ ನಗ್ತಾರೆ ಅಂತ ತಾವೇ ಪೋಲಿ ಜೋಕು ಶುರು ಮಾಡಿದ್ರು, ಊರ ಕೆಲಸದ ಆಳುಗಳ ಮಾತಿನ ಧಾಟಿನ ಆಡ್ಕೊಂಡು. ಜನ ನಕ್ರು. ಅಜ್ಜ ಕಂಬಳಿ ಕೊಡವಿಕೊಂಡು ಎದ್ರು, ನಡೆ ಮಗ ಮನೆಗೆ ಅಂದ್ರು. ಗದ್ದೆ ಬದುವಲ್ಲಿ ಟಾರ್ಚ್ ಹಿಡ್ಕೊಂಡು ಬರ್ತಾ ಎಂತಕ್ಕೆ ಅಜ್ಜ ಅಂತ ಕೇಳಿದೆ. ಕಿರೀಟ ಕಟ್ಟಿದೋನು ಅದನ್ನ ಆಡಬಾರ್ದು, ಅದು ಹಾಸ್ಯಗಾರನ ಪಾಲು ಅಂದ್ರು. ಅವತ್ತು ನನಗೆ ಆಟ ತಪ್ಪಿದ ಸಿಟ್ಟು ಮಾತ್ರ ಇತ್ತು. ಟಾರ್ಪಲ್ ಕೆಳಗೆ ಆ ನಾಬ್ ತಿರುಗಿದ್ದು ನೋಡಿದಾಗ ಅಜ್ಜನ ಮಾತು ಅರ್ಥ ಆಯ್ತು.

ಹಾಗಂತ ರಾಜಕಾರಣಿಗಳು ನಗಿಸಬಾರ್ದು ಅಂತಲ್ಲ. ಜೆ.ಎಚ್. ಪಟೇಲರು ನಮ್ಮ ಶಿವಮೊಗ್ಗದಿಂದಲೇ 1967ರಲ್ಲಿ ಲೋಕಸಭೆಗೆ ಗೆದ್ದು ಅಲ್ಲಿ ಕನ್ನಡದಲ್ಲಿ ಮಾತಾಡಿದೋರು, ಮುಖ್ಯಮಂತ್ರಿ ಆದ್ಮೇಲೂ ವಿಧಾನಸಭೆನ ನಗಿಸ್ತಿದ್ರು, ಅವರ ತಮಾಷೆಗೆ ಅವರೇ ವಸ್ತು ಆಗ್ತಿದ್ರು, ತಮ್ಮ ದೌರ್ಬಲ್ಯಗಳನ್ನ ಮುಚ್ಚಿಡದೆ ಹೇಳ್ಕೊಳ್ತಿದ್ರು. ಇದೇ ಜಿಲ್ಲೆ ಕೊನಗವಳ್ಳಿಯ ಲಂಕೇಶ್ 1980ರಲ್ಲಿ ಪತ್ರಿಕೆ ಶುರು ಮಾಡಿ ಮುಖ್ಯಮಂತ್ರಿಗಳಿಗೇ ಅಡ್ಡಹೆಸರು ಇಟ್ಟು ವಾರ ವಾರ ಗೇಲಿ ಮಾಡಿದ್ರು, ಆಗ ಕುರ್ಚಿ ಮೇಲಿದ್ದೋರು ಉರ್ಕೊಂಡ್ರು, ಜನ ನಕ್ರು.

ನಮ್ಮ ಅಣ್ಣ ಇದಕ್ಕೆ ಒಂದು ಒಳ್ಳೆ ಪ್ರಶ್ನೆ ಹಾಕಿದ. ಹಾಗಾದ್ರೆ ವಚನಕಾರರು ಬೇರೆಯವರ ದೇವ್ರನ್ನ, ಪೂಜೆನ ಆಡ್ಕೊಂಡಿಲ್ವಾ, ಬಸವಣ್ಣ ಬಿಜ್ಜಳನ ಭಂಡಾರಿ, ಅವರೂ ಅಧಿಕಾರದಲ್ಲೇ ಇದ್ರಲ್ವಾ ಅಂತ. ಸರಿಯಾದ ಮಾತೇ. ಅಲ್ಲಮ ನಮ್ಮ ಬಳ್ಳಿಗಾವಿಯೋರು, ಶೈವ ಮಠ, ವೈಷ್ಣವ ಗುಡಿ, ಜೈನ ಬಸದಿ, ಬೌದ್ಧ ವಿಹಾರ ಎಲ್ಲ ಒಂದೇ ಊರಲ್ಲಿದ್ದ ಕಡೆಯಿಂದ ಬಂದೋರು, ಅವರ ಮಾತಿನ ಏಟು ಯಾವ ಲೀಡರ್ ಭಾಷಣಕ್ಕಿಂತ ಜೋರು. ನಾನು ಇದನ್ನ ತುಂಬಾ ದಿನ ಯೋಚ್ನೆ ಮಾಡಿದೆ. ಬಸವಣ್ಣ ಬೈದಿದ್ದು ಎಲ್ಲಕ್ಕಿಂತ ಜಾಸ್ತಿ ತಾನು ಹುಟ್ಟಿದ ಮನೆ ಆಚಾರನ, ಅದಕ್ಕೆ ಅಧಿಕಾರನೇ ಕಳ್ಕೊಂಡು ಕಲ್ಯಾಣ ಬಿಟ್ಟು ಹೋಗಬೇಕಾಯ್ತು. ಅಲ್ಲಮ ಅಂತೂ ತಮ್ಮ ಜೊತೆಗಿದ್ದ ಶರಣರನ್ನೇ ನಿಲ್ಲಿಸಿ ಕೇಳ್ತಿದ್ರು. ನಮ್ಮ ಪೆಂಡಾಲಿಗೆ ಬಂದ ಲೀಡರ್ ಏನು ಕಳ್ಕೊಂಡ್ರು? ಕೆಳಗಿಳಿಯುವಾಗ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ವಿ.

ಇದು ಒಂದೇ ಕಡೆಯೋರ ಚಾಳಿ ಅಂದ್ಕೋಬೇಡಿ. ನಮ್ಮ ದೊಡ್ಡಮ್ಮಂಗೆ ಚೌಡಿ ದೇವ್ರು ಮೈಮೇಲೆ ಬರತ್ತೆ, ವರ್ಷಕ್ಕೊಂದ್ಸಲ ಬನದಲ್ಲಿ. ಪ್ರಗತಿಪರ ಅಂತ ಹೆಸರು ಮಾಡಿರೋ ಇನ್ನೊಬ್ಬ ಲೀಡರ್ ಒಂದು ಕಾರ್ಯಕ್ರಮದಲ್ಲಿ ಮೈಮೇಲೆ ಬರೋದನ್ನ ತಲೆ ಕೆದರಿ ಕುಣಿದು ತೋರಿಸಿದ್ರು, ಸಭೆ ಚಪ್ಪಾಳೆ ಹೊಡೀತು. ಮೂಢನಂಬಿಕೆ ಬಗ್ಗೆ ಕೂತು ಮಾತಾಡಿದ್ರೆ ದೊಡ್ಡಮ್ಮ ಕೇಳಿಸ್ಕೊಳ್ಳೋ ಹೆಂಗಸೇ, ವಾದನೂ ಮಾಡ್ತಾರೆ. ಅವತ್ತು ಮೂರನೇ ಸಾಲಲ್ಲಿ ಸೆರಗು ಹೊದ್ದು ತಲೆ ತಗ್ಗಿಸಿ ಕೂತಿದ್ರು.

ಕಾನೂನು ಇದೆಯಲ್ಲ ಅಂತಾರೆ. ಇದೆ. ಲಾಹೋರಲ್ಲಿ ಪ್ರವಾದಿ ಬಗ್ಗೆ ಅವಹೇಳನದ ಪುಸ್ತಕ ಒಂದು ಬಂದು, ಅದರ ಪ್ರಕಾಶಕ ಹೈಕೋರ್ಟಲ್ಲಿ ಬಿಡುಗಡೆ ಆಗಿ ಗಲಾಟೆ ಎದ್ದಾಗ ಬ್ರಿಟಿಷರು 1927ರಲ್ಲಿ ಧರ್ಮದ ಅವಹೇಳನದ ವಿರುದ್ಧ ದಂಡಸಂಹಿತೆಗೆ 295ಎ ಸೆಕ್ಷನ್ ತಂದ್ರು, 1929ರಲ್ಲಿ ಆ ಪ್ರಕಾಶಕನ ಕೊಲೆನೂ ಆಯ್ತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್, ಮೂರು ವರ್ಷದ ತನಕ ಜೈಲು. ಬೇಕಂತಲೇ, ಕೆಟ್ಟ ಉದ್ದೇಶದಿಂದ ಮಾಡಿದ್ರೆ ಮಾತ್ರ ಇದು ಅಪರಾಧ ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಆದ್ರೆ ಸಿಕ್ಕಿ ಬೀಳೋರು ಯಾರು ನೋಡಿ. 2016ರಲ್ಲಿ ಟಿವಿ ಕಲಾವಿದ ಕೀಕು ಶಾರದಾ, ಡೇರಾ ಸಚ್ಚಾ ಸೌದಾ ಅನ್ನೋ ಪಂಥದ ಗುರು ಗುರ್ಮೀತ್ ರಾಮ್ ರಹೀಮನ ಮಿಮಿಕ್ರಿ ಮಾಡಿದ್ದಕ್ಕೆ ಹರಿಯಾಣ ಪೊಲೀಸ್ರು ಎತ್ತಾಕ್ಕೊಂಡು ಹೋದ್ರು. ಮಾರನೇ ವರ್ಷ ಅದೇ ರಾಮ್ ರಹೀಮ್ ಅತ್ಯಾಚಾರದ ಕೇಸಲ್ಲಿ ಅಪರಾಧಿ ಅಂತ ತೀರ್ಪು ಬಂತು. 2021ರ ಜನವರಿ 1ಕ್ಕೆ ಇಂದೋರಲ್ಲಿ ಮುನಾವರ್ ಫಾರೂಕಿ ಅನ್ನೋ ಸ್ಟ್ಯಾಂಡಪ್ ಕಾಮಿಡಿ ಹುಡುಗನ್ನ ಶೋ ಮಧ್ಯದಲ್ಲೇ ನಿಲ್ಲಿಸಿ ಅರೆಸ್ಟ್ ಮಾಡಿದ್ರು, ಜಾಮೀನು ಸಿಗೋಕೆ ಸುಪ್ರೀಂ ಕೋರ್ಟಿಗೇ ಹೋಗಬೇಕಾಯ್ತು. ಹಾಸ್ಯಗಾರ ಒಳಗೆ, ಕಿರೀಟದೋರು ಸ್ಟೇಜ್ ಮೇಲೆ. ನನಗೆ ಸಿಟ್ಟು ಬರೋದು ಇಲ್ಲೇ.

ಶಿವಮೊಗ್ಗದೋರಿಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಪತ್ರಿಕೆಯಲ್ಲಿ ಬಂದ ಬುರ್ಖಾ ಬಗೆಗಿನ ಒಂದು ಲೇಖನದ ಮೇಲೆ 2010ರ ಮಾರ್ಚ್ 1ಕ್ಕೆ ಊರು ಹತ್ತಿಕೊಂಡು ಉರೀತು, ಬಾಂಗ್ಲಾದೇಶದ ಲೇಖಕಿ ತಸ್ಲೀಮಾ ನಸ್ರೀನ್ ಹೆಸರಲ್ಲಿ ಬಂದಿದ್ದು ಅದು, ಅವರು ನಾನು ಆ ಪತ್ರಿಕೆಗೆ ಬರೆದೇ ಇಲ್ಲ ಅಂದ್ರು, ಅಷ್ಟೊತ್ತಿಗೆ ಇಲ್ಲಿ ಇಬ್ಬರ ಜೀವ ಹೋಗಿತ್ತು. ನಾನಾಗ ಪಿಯುಸಿ, ಕರ್ಫ್ಯೂಲಿ ಕಿಟಕಿ ಹಾಕ್ಕೊಂಡು ಕೂತಿದ್ದು, ಹಾಲಿಲ್ಲದೆ ಕಪ್ಪು ಚಾ ಕುಡಿದಿದ್ದು ನೆನಪಿದೆ. 2022ರ ಆಗಸ್ಟ್ 15ಕ್ಕೆ ಅಮೀರ್ ಅಹ್ಮದ್ ಸರ್ಕಲ್ಲಲ್ಲಿ ಒಂದು ಫ್ಲೆಕ್ಸಿಗೆ ಶುರುವಾಗಿದ್ದು ಚಾಕು ಇರಿತದ ತನಕ ಹೋಯ್ತು, ಮತ್ತೆ ನಿಷೇಧಾಜ್ಞೆ. ಲೇಖನಕ್ಕೆ, ಮಾತಿಗೆ ಕಲ್ಲೆತ್ತಿದೋರು ಮಾಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇಂಥ ಊರಲ್ಲಿ ಮೈಕ್ ಹಿಡಿಯೋ ಲೀಡರಿಗೆ ಎಕೋ ಬೇಕು ಅನ್ಸತ್ತಲ್ಲ, ಅದು ನನಗೆ ಅರಗಲ್ಲ. ನಿಂತು ಕೇಳಿದ ನನ್ನ ಮೌನನೂ ಅರಗಿಲ್ಲ.

ಮೊನ್ನೆ ಮೀಟಿಂಗಲ್ಲಿ ಹೇಳಿದೆ, ಈ ಸಲ ಯಾವ ಪಾರ್ಟಿ ಲೀಡರ್ ಬಂದ್ರೂ ಆರತಿ ತಗೊಳ್ಳಲಿ, ಪ್ರಸಾದ ತಿನ್ನಲಿ, ಮೈಕ್ ಕೊಡೋದು ಬೇಡ ಅಂತ. ದೇಣಿಗೆ ಕಮ್ಮಿ ಆಗತ್ತೆ ಅಂತ ಇಬ್ಬರು ಜಗಳ ಆಡಿದ್ರು, ಕಮ್ಮಿ ಬಿದ್ದಷ್ಟು ಬೀದಿಲಿ ಚಂದಾ ಎತ್ತಿ ತುಂಬಿಸ್ತೀನಿ ಅಂದೆ. ಕೊನೆಗೆ ಒಪ್ಪಿದ್ರು. ಮನೆಗೆ ಬಂದು ಮೈಕ್ ಸಾಬ್ರಿಗೆ ಫೋನ್ ಮಾಡಿ ಡೇಟ್ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಕೇಳಿದ್ರು, ಭಾಷಣ ಇದೆಯಾ ಸರ್, ಇದ್ರೆ ನಮ್ಮ ಅಂಗಡಿ ಹುಡುಗನ್ನ ಕಳಿಸ್ತೀನಿ.

ಭಾಷಣ ಇಲ್ಲ, ಆಟ ಇದೆ ಅಂದೆ.

ಹಾಗಾದ್ರೆ ಭಾಗವತರಿಗೆ ಒಂದು, ಮದ್ದಳೆಗೆ ಒಂದು, ಚಂಡೆ ದೂರ ಇಡಬೇಕು ಅದಕ್ಕೆ ಮೈಕ್ ಬೇಡ, ಹೋದ ಸಲದ ಟಾರ್ಪಲ್ ಹರಿದಿದೆ ಬೇರೆ ತರಿಸಿಡಿ, ನಾನೇ ಬರ್ತೀನಿ ಅಂದ್ರು.