ಅಳಿವೆಯಿಂದ ಅಳಿವೆಗೆ: ನಮ್ಮ ಕರಾವಳಿ ಪ್ರಯಾಣದ ತಯಾರಿ ಇಲ್ಲಿವರೆಗೆ

ಡಿಸೆಂಬರ್‌ನಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಕಾರಿನಲ್ಲಿ ಹೋಗುತ್ತೇವೆ. ನಾನು, ಹೆಂಡತಿ, ಮಗಳು ಮತ್ತು ಅಮ್ಮ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಇದು ಸುಮಾರು 270 ಕಿ.ಮೀ. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಆರಾಮಾಗಿ ಮುಗಿಯುವ ದಾರಿ. ನಾವು ಅದನ್ನು ಐದು ದಿನಕ್ಕೆ ಹರಡಿದ್ದೇವೆ. ಏಕೆ ಹರಡಿದೆವು, ಯಾವ್ಯಾವ ಜಾಗ ಉಳಿದವು, ಯಾವುವು ಬಿಟ್ಟುಹೋದವು ಎಂಬುದನ್ನು ಬರೆದಿಡುತ್ತಿದ್ದೇನೆ.

ಆಗಸ್ಟ್: ಯಾವಾಗ, ಯಾವ ದಿಕ್ಕಿನಲ್ಲಿ

ಮಳೆಗಾಲದ ಕರಾವಳಿ ಕಣ್ಣಿಗೆ ಹಬ್ಬ, ನಿಜ. ಆದರೆ ಅಮ್ಮನನ್ನೂ ಮಗುವನ್ನೂ ಕರೆದುಕೊಂಡು ಜುಲೈನಲ್ಲಿ ಈ ರಸ್ತೆಯಲ್ಲಿ ಹೋಗುವುದು ನನಗೆ ಒಪ್ಪಿಗೆಯಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. (ಬೈಂದೂರು ಕಡೆಯೂ ಒಂದು ಶಿರೂರು ಇದೆ, ಅಲ್ಲಿ ಟೋಲ್ ಇದೆ. ನಕ್ಷೆಯಲ್ಲಿ ಹುಡುಕುವಾಗ ಯಾವ ಶಿರೂರು ಅಂತ ನೋಡಿಕೊಳ್ಳಬೇಕು.) ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ಬಂದರುಗಳೆಲ್ಲ ಸುಮ್ಮನಿರುತ್ತವೆ, ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಹಾಗಾಗಿ ಡಿಸೆಂಬರ್ ಎಂದು ನಿಶ್ಚಯವಾಯಿತು.

ಎರಡನೆಯದು ದಿಕ್ಕು. ಗೋವಾ ಕಡೆಯಿಂದ ದಕ್ಷಿಣಕ್ಕೆ ಇಳಿಯುವುದೋ, ಮಂಗಳೂರಿನಿಂದ ಉತ್ತರಕ್ಕೆ ಏರುವುದೋ? ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ, ಆದರೆ ಪ್ರಯಾಣದ ಸುಖ ಅರ್ಧ ಇದರ ಮೇಲೇ ನಿಂತಿದೆ. ಉತ್ತರಕ್ಕೆ ಹೊರಟರೆ ಕಡಲು ಎಡಗಡೆ, ನಮ್ಮ ಗಾಡಿಯೂ ಎಡಗಡೆ. ಹೆದ್ದಾರಿ ಈಗ ಬಹುಪಾಲು ಚತುಷ್ಪಥ, ನಡುವೆ ಡಿವೈಡರ್. ಎದುರಿನಿಂದ ಬರುವವರು ಸಮುದ್ರ ಕಂಡ ಮೇಲೆ ಯು-ಟರ್ನ್ ಹುಡುಕಿಕೊಂಡು ಮುಂದೆ ಹೋಗಿ ಬರಬೇಕು. ನಾವು ಇಂಡಿಕೇಟರ್ ಹಾಕಿ ಬದಿಗೆ ನಿಲ್ಲಿಸಿದರಾಯಿತು. ಎಡಗಡೆಯ ಕಿಟಕಿ ಸೀಟು ಅಮ್ಮನಿಗೆ.

ಸೆಪ್ಟೆಂಬರ್: ಪಟ್ಟಿ ಹರಿದು ಹೊಸದು ಬರೆದದ್ದು

ಮೊದಲ ಪಟ್ಟಿಯಲ್ಲಿ ಇದ್ದವು ಬರೀ ಬೀಚುಗಳು. ಪಣಂಬೂರು, ಸುರತ್ಕಲ್, ಪಡುಬಿದ್ರಿ, ಕಾಪು, ಮಲ್ಪೆ, ಮರವಂತೆ, ಮುರ್ಡೇಶ್ವರ, ಗೋಕರ್ಣ, ಹೀಗೆ. ಹೆಂಡತಿಯ ದೊಡ್ಡಪ್ಪ ಕುಂದಾಪುರದವರು. ಫೋನಿನಲ್ಲಿ ಪಟ್ಟಿ ಓದಿ ಹೇಳಿದಾಗ ಅವರು ಅಂದದ್ದು ಒಂದೇ ಮಾತು: "ಹೈವೇಯಗೇ ಹೋರೆ ಕಡ್ಲ್ ಕಾಂತಿಲ್ಲೆ ಮಾರಾಯ್ರೆ." (ಹೆದ್ದಾರಿಯಲ್ಲೇ ಹೋದರೆ ಕಡಲು ಕಾಣುವುದಿಲ್ಲ.)

ನಕ್ಷೆ ಹಿಡಿದು ಕೂತಾಗ ಅವರ ಮಾತಿನ ತೂಕ ತಿಳಿಯಿತು. ಕರಾವಳಿ ಹೆದ್ದಾರಿ ಅನ್ನುತ್ತೇವೆ ನಿಜ, ಕಡಲು ಎದ್ದು ಕಾಣುವ ಜಾಗ ಅದರಲ್ಲಿ ಕೆಲವೇ. ಮಿಕ್ಕಂತೆ ಅಂಗಡಿ, ಫ್ಲೈಓವರ್, ತೆಂಗಿನ ತೋಟ, ಗದ್ದೆ. ಆದರೆ ನದಿಗಳು ಮಾತ್ರ ತಪ್ಪದೆ ಸಿಗುತ್ತಲೇ ಇರುತ್ತವೆ. ಘಟ್ಟದಿಂದ ಇಳಿದ ಪ್ರತಿಯೊಂದು ಹೊಳೆಯೂ ಈ ರಸ್ತೆಯ ಕೆಳಗೆ ಹಾದು ಸಮುದ್ರ ಸೇರಬೇಕಲ್ಲ. ಸೇತುವೆಯಿಂದ ಕೆಲವೇ ಕಿ.ಮೀ. ಪಶ್ಚಿಮಕ್ಕೆ ಹೋದರೆ ಅದರ ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗ. ಕರಾವಳಿಯ ಬದುಕೆಲ್ಲ ಇರುವುದು ಅಲ್ಲಿಯೇ: ಬಂದರು, ದೋಣಿ, ಮೀನು, ಉಪ್ಪು, ಹಳೆಯ ಕೋಟೆ, ದೀಪಸ್ತಂಭ.

ಆಗ ಬೀಚುಗಳ ಪಟ್ಟಿ ಬಿಟ್ಟು ಅಳಿವೆಗಳ ಪಟ್ಟಿ ಮಾಡಿದೆವು. ಮಂಗಳೂರಿನಲ್ಲಿ ನೇತ್ರಾವತಿ–ಗುರುಪುರ, ಸಸಿಹಿತ್ಲುವಿನಲ್ಲಿ ನಂದಿನಿ–ಶಾಂಭವಿ, ಕೋಡಿಬೆಂಗ್ರೆಯಲ್ಲಿ ಸುವರ್ಣಾ–ಸೀತಾ, ಗಂಗೊಳ್ಳಿಯಲ್ಲಿ ಐದು ಹೊಳೆ ಕೂಡುವ ಪಂಚಗಂಗಾವಳಿ, ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ, ಆಮೇಲೆ ಗಂಗಾವಳಿ, ಕೊನೆಗೆ ಕಾಳಿ. ಎಲ್ಲ ಅಳಿವೆಯಲ್ಲೂ ಇಳಿಯಬೇಕು, ಕೂರಬೇಕು. ಫೋಟೊ ತೆಗೆದು ಓಡುವುದಲ್ಲ. ಇದಕ್ಕೇ ಐದು ದಿನ.

ಅಕ್ಟೋಬರ್: ಉಡುಪಿ ತುಂಡನ್ನು ಹೋಗಿ ನೋಡಿದ್ದು

ಒಂದು ಮದುವೆಗೆ ಉಡುಪಿಗೆ ಹೋಗುವುದಿತ್ತು. ಅದೇ ನೆಪದಲ್ಲಿ ಕಾಪುವಿನಿಂದ ಕೋಡಿಬೆಂಗ್ರೆವರೆಗೆ ಹೆದ್ದಾರಿ ಬಿಟ್ಟು ಒಳರಸ್ತೆಯಲ್ಲಿ ಹೋಗಿ ಬಂದೆ.

ಕಾಪುವಿನ ದೀಪಸ್ತಂಭ 1901ರದ್ದು, ಬಂಡೆಯ ನೆತ್ತಿಯ ಮೇಲೆ ಕಟ್ಟಿದ್ದು. ಹತ್ತಲು ಬಿಡುವುದು ಸಂಜೆ ಹೊತ್ತಿನಲ್ಲಿ. ಮಗಳು ಹತ್ತುತ್ತಾಳೆ, ಅಮ್ಮ ಕೆಳಗೆ ಮರಳಿನಲ್ಲಿ ಕೂರುತ್ತಾರೆ. ಅಲ್ಲಿಂದ ಮಟ್ಟುವಿಗೆ ಕಡಲಂಚಿನ ಸಣ್ಣ ರಸ್ತೆ ಇದೆ. ಎಡಕ್ಕೆ ಅಲೆ, ಬಲಕ್ಕೆ ಹೊಳೆಯ ನಿಂತ ನೀರು, ನಡುವೆ ಎದುರಿನ ಗಾಡಿಗೆ ದಾರಿ ಬಿಡಲು ಬದಿಗೆ ಸರಿಯಬೇಕಾದಷ್ಟು ಕಿರಿದಾದ ಟಾರು. ಮಟ್ಟುಗುಳ್ಳ ಬೆಳೆಯುವ ಊರು ಇದೇ. ತಿಳಿಹಸಿರು, ಗುಂಡಗೆ, ತೊಟ್ಟಿನಲ್ಲಿ ಮುಳ್ಳಿರುವ ಬದನೆ, ವಾದಿರಾಜರ ಪ್ರಸಾದ ಎಂದೇ ಜನ ನಂಬುತ್ತಾರೆ. ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಇದೆ.

ಮಲ್ಪೆ ದಾಟಿ ಉತ್ತರಕ್ಕೆ ಹೋದರೆ ನೆಲ ತೆಳ್ಳಗಾಗುತ್ತಾ ಹೋಗುತ್ತದೆ. ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸುವರ್ಣಾ ನದಿ. ಮನೆಗಳ ಮುಂಬಾಗಿಲಲ್ಲಿ ನಿಂತರೆ ಹಿಂಬಾಗಿಲಾಚೆಯ ನೀರು ಕಾಣುತ್ತದೆ. ರಸ್ತೆ ಮುಗಿಯುವಲ್ಲಿ ಕೋಡಿಬೆಂಗ್ರೆ, ಆಚೆ ದಡದಲ್ಲಿ ಹಂಗಾರಕಟ್ಟೆ. ನಾನು ಹೋದಾಗ ಇಳಿತ. ಮರಳಿನ ನಾಲಿಗೆ ಅಳಿವೆಯೊಳಕ್ಕೆ ಚಾಚಿಕೊಂಡಿತ್ತು. ಹೊಳೆಯ ನೀರು ಇನ್ನೂ ಮಳೆಗಾಲದ ಕೆಂಪು ಬಿಟ್ಟಿರಲಿಲ್ಲ. ಅದು ಕಡಲಿನ ಹಸಿರಿಗೆ ತಾಗುವಲ್ಲಿ ನೊರೆಯ ಒಂದು ಗೆರೆ, ಆ ಗೆರೆ ಒಂದೇ ಕಡೆ ನಿಲ್ಲದೆ ನಿಧಾನವಾಗಿ ಹಿಂದೆ ಮುಂದೆ ಸರಿಯುತ್ತಿತ್ತು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವರೊಬ್ಬರು ಬೀಸುಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಸೊಂಟ ತಿರುಗಿಸಿ ಎಸೆದರು. ಬಲೆ ಅಗಲವಾಗಿ ಅರಳಿ ಸರಿಯಾಗಿ ಆ ಗೆರೆಯ ಮೇಲೆಯೇ ಬಿತ್ತು. ಎರಡು ನೀರು ಕೂಡುವಲ್ಲೇ ಮೀನು ಮೇಯಲು ಬರುತ್ತದಂತೆ. ಬಲೆ ಎಳೆದಾಗ ತಳದ ಸೀಸದ ಗುಂಡುಗಳು ಮರಳಿನಲ್ಲಿ ಸರಸರ ಸದ್ದು ಮಾಡಿದವು, ಒಳಗೆ ಒಂದು ಹಿಡಿಯಷ್ಟು ಬೆಳ್ಳಿ ಬಣ್ಣದ ಸಣ್ಣ ಮೀನು. ಅವರು ತಿರುಗಿ ನೋಡದೆ ಮತ್ತೆ ಬಲೆ ಮಡಚತೊಡಗಿದರು.

ಈ ಜಾಗಕ್ಕೆ ಒಂದು ಇಡೀ ಸಂಜೆ ಕೊಡಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ. ವಾಪಸು ಬರುವಾಗ ಕೆಮ್ಮಣ್ಣಿನ ತೂಗುಸೇತುವೆ, ಅದರಾಚೆ ತಿಮ್ಮಣ್ಣ ಕುದ್ರು ಎಂಬ ನಡುಗಡ್ಡೆ. ಅಮ್ಮನಿಗೆ ಸೇತುವೆ ತೂಗಿದರೆ ಹೆದರಿಕೆ, ನೋಡೋಣ.

ಸೇಂಟ್ ಮೇರೀಸ್ ಬೆಳಿಗ್ಗೆಯೇ ಆಗಬೇಕು, ಬಿಸಿಲೇರಿದ ಮೇಲೆ ಆ ಕಪ್ಪು ಬಂಡೆಯ ಮೇಲೆ ನಿಲ್ಲಲಾಗುವುದಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ ಲಾವಾ, ತಣಿಯುತ್ತಾ ಕುಗ್ಗಿ ಬಿರಿದು ಐದು–ಆರು ಮುಖದ ಕಂಬಗಳಾಗಿ ನಿಂತಿದೆ. ಮಗಳಿಗೆ ಶಾಲೆಯಲ್ಲಿ ಖಂಡಗಳು ಸರಿದ ಪಾಠ ಈಗಷ್ಟೇ ಆಗಿದೆ, ಆ ಕಂಬಗಳನ್ನು ಕೈಯಿಂದ ಮುಟ್ಟಲಿ ಎಂಬುದು ನನ್ನ ದೊಡ್ಡ ಆಸೆ.

ಅಕ್ಟೋಬರ್ ಕೊನೆ: ಕುಂದಾಪುರದಿಂದ ಮೇಲೆ

ಮರವಂತೆ ಪಟ್ಟಿಯಿಂದ ಹೊರಹೋಗುವ ಮಾತೇ ಇಲ್ಲ. ಕೊಲ್ಲೂರಿನ ಕಡೆಯಿಂದ ಬಂದ ಸೌಪರ್ಣಿಕೆ ಇಲ್ಲಿ ಕಡಲಿಗೆ ಇನ್ನೇನು ಬಿದ್ದೇಬಿಟ್ಟಿತು ಅನ್ನುವಷ್ಟು ಹತ್ತಿರ ಬಂದು, ದಕ್ಷಿಣಕ್ಕೆ ತಿರುಗಿ, ಮತ್ತೆ ಸುಮಾರು ಹತ್ತು ಕಿ.ಮೀ. ಹರಿದು ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಎಲ್ಲರೂ ಮರವಂತೆಯಲ್ಲಿ ನಿಂತು ಮುಂದೆ ಹೋಗುತ್ತಾರೆ. ನಾವು ಮೊದಲು ಗಂಗೊಳ್ಳಿ ಬಂದರಿಗೆ ಹೋಗಿ ನದಿಯ ಕೊನೆ ನೋಡಿ, ಆಮೇಲೆ ತ್ರಾಸಿ–ಮರವಂತೆಗೆ ಬರುತ್ತೇವೆ. ಮಧ್ಯಾಹ್ನದ ಊಟ ದೊಡ್ಡಪ್ಪನ ಮನೆಯಲ್ಲಿ: ಕೋಳಿ ಸಾರು, ನೀರುದೋಸೆ. ಇದು ಚರ್ಚೆಗೆ ಅವಕಾಶವಿಲ್ಲದ ಕಾರ್ಯಕ್ರಮ.

ಬೈಂದೂರು ದಾಟುವಾಗ ಕಡಲಂಚಿನ ಗುಡ್ಡ ಒತ್ತಿನೆಣೆ. ಮುರ್ಡೇಶ್ವರದಲ್ಲಿ ಗೋಪುರಕ್ಕೆ ಲಿಫ್ಟ್ ಇರುವುದರಿಂದ ಅಮ್ಮನೂ ಮೇಲಿನಿಂದ ಕಡಲು ನೋಡಬಹುದು. ಅಷ್ಟು ಸಾಕು, ರಾತ್ರಿ ಉಳಿಯುವುದು ಹೊನ್ನಾವರದಲ್ಲಿ. ಕಾಸರಕೋಡು ಬೀಚಿಗೂ ಪಡುಬಿದ್ರಿಗೂ 2020ರಲ್ಲಿ ಒಟ್ಟಿಗೇ ಬ್ಲೂ ಫ್ಲ್ಯಾಗ್ (ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿತ್ತು. ನನಗೆ ಬೀಚಿಗಿಂತ ಹತ್ತಿರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗಿನ ಮರದ ಹಾದಿಯೇ ಮುಖ್ಯ. ಬೇರುಗಳು ಕೆಸರಿನಿಂದ ಮೇಲೆದ್ದು ಉಸಿರಾಡುವುದನ್ನು ಅಷ್ಟು ಸಮೀಪದಿಂದ ನೋಡುವ ಅವಕಾಶ ಎಲ್ಲ ಕಡೆ ಸಿಗುವುದಿಲ್ಲ.

ಅತಿ ಹೆಚ್ಚು ಯೋಚಿಸಿದ್ದು ಅಘನಾಶಿನಿಯ ಬಗ್ಗೆ. ಶರಾವತಿಗೆ ಲಿಂಗನಮಕ್ಕಿ ಇದೆ, ಕಾಳಿಗೆ ಸಾಲುಸಾಲು ಅಣೆಕಟ್ಟು. ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮಣ್ಣು, ಸಿಹಿನೀರು ತಡೆಯಿಲ್ಲದೆ ಬಂದು ಉಪ್ಪುನೀರಿಗೆ ಸೇರುವುದರಿಂದಲೇ ಅದರ ಅಳಿವೆ ಇಷ್ಟು ಸಮೃದ್ಧ. ಇಳಿತದಲ್ಲಿ ಊರವರು ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ, ಉಬ್ಬರದ ನೀರು ಬರುವ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ, ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಒಂದೇ ನದಿ, ಒಂದೇ ಹಿನ್ನೀರು, ಅದರಲ್ಲಿ ಅನ್ನ, ಉಪ್ಪು, ಮೀನು ಮೂರೂ. ಇದನ್ನು ಹೆದ್ದಾರಿಯ ಸೇತುವೆಯ ಮೇಲಿನಿಂದ ಅರ್ಧ ನಿಮಿಷದಲ್ಲಿ ದಾಟಿಬಿಡುವುದು ನ್ಯಾಯವಲ್ಲ. ಆದ್ದರಿಂದ ಕುಮಟಾದಿಂದ ಅಘನಾಶಿನಿ ಊರಿಗೆ ಹೋಗಿ, ಹೆಂಡತಿ, ಮಗಳು, ಅಮ್ಮ ಮೂವರೂ ದೋಣಿಯಲ್ಲಿ ತದಡಿಗೆ ದಾಟುತ್ತಾರೆ. ನಾನು ಕಾರನ್ನು ಮಿರ್ಜಾನ್ ಮೇಲಿಂದ ಸುತ್ತಿ ತರುತ್ತೇನೆ, ಹೋಗುತ್ತಾ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕೋಟೆಯನ್ನೂ ನೋಡುತ್ತೇನೆ. "ದೋಣೀಲಿ ನೀನೂ ಬಾರೋ, ಕಾರು ಆಮೇಲೆ ನೋಡಿದ್ರಾಯ್ತು" ಅಂತ ಅಮ್ಮ ಈಗಲೂ ಹೇಳುತ್ತಿದ್ದಾರೆ.

ಗೋಕರ್ಣದಲ್ಲಿ ಒಂದು ರಾತ್ರಿ. ಓಂ ಬೀಚ್, ಕುಡ್ಲೆ ಇವೆಲ್ಲ ಈ ಸಲ ಇಲ್ಲ. ರಜೆ ದಿನಗಳ ಜನಸಂದಣಿಯಲ್ಲಿ ಅಮ್ಮನಿಗೆ ಮೆಟ್ಟಿಲು ಕಷ್ಟ. ಮಹಾಬಲೇಶ್ವರನ ದರ್ಶನ, ಅಷ್ಟೇ.

ನವೆಂಬರ್: ಈಗ ಎಲ್ಲಿದ್ದೇವೆ

ಉಬ್ಬರವಿಳಿತದ ಪಟ್ಟಿ ಮುಂದಿಟ್ಟುಕೊಂಡು ದಿನಾಂಕ ಆರಿಸಿದ್ದು ಈ ತಿಂಗಳ ಮುಖ್ಯ ಕೆಲಸ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಕೋಡಿಬೆಂಗ್ರೆಯ ಸಂಜೆ ಇಳಿತಕ್ಕೆ ಕೂಡಿಬರಬೇಕು, ಮರಳಿನ ಮೇಲೆ ನಡೆಯಲು ಆಗಲೇ ಸಾಧ್ಯ. ಆ ಒಂದು ಸಂಜೆಯನ್ನು ಗೂಟ ಮಾಡಿಕೊಂಡು ಉಳಿದ ದಿನಗಳನ್ನು ಅದರ ಸುತ್ತ ಕಟ್ಟಿದ್ದೇವೆ. ರಜೆ ಅರ್ಜಿ ಹಾಕುವಾಗ ಕಚೇರಿಯಲ್ಲಿ ಕಾರಣ ಕೇಳಿದರು, ಸಮುದ್ರದ ಇಳಿತ ಎಂದೇ ಹೇಳಿದೆ.

ಮಲ್ಪೆ, ಹೊನ್ನಾವರ, ಗೋಕರ್ಣದ ಕೋಣೆಗಳು ಆಗಿವೆ, ಎಲ್ಲವೂ ನೆಲಮಹಡಿಯಲ್ಲಿ. ದಾರಿಯ ಟೋಲ್‌ಗಳು ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆ, ಬೇಲೇಕೇರಿ. ಸುರತ್ಕಲ್‌ನದ್ದು 2022ರ ಡಿಸೆಂಬರ್‌ನಲ್ಲೇ ನಿಂತಿತು. ಫಾಸ್ಟ್‌ಟ್ಯಾಗ್‌ಗೆ ದುಡ್ಡು ಹಾಕಿದ್ದಾಯಿತು, ಟೈರು ಬದಲಿಸಿದ್ದಾಯಿತು. ಮರಳು ಮೆತ್ತಿದ ಕಾಲಿಗೆ ಒಂದು ಬಕೆಟ್, ಹಳೆಯ ಟವೆಲ್‌ಗಳು, ಮೀನು ಕೊಂಡರೆ ಇಡಲು ಥರ್ಮೋಕೋಲ್ ಡಬ್ಬಿ ಡಿಕ್ಕಿಯಲ್ಲಿ ಕೂತಿವೆ.

ಕಾರವಾರದ ಕೊನೆಯ ದಿನ ಮಾತ್ರ ಇನ್ನೂ ತೆರೆದಿದೆ. ಇಪ್ಪತ್ತರ ಹರೆಯದ ರವೀಂದ್ರನಾಥ ಟಾಗೋರರು, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಇದ್ದು, ಕಾಳಿಯಲ್ಲಿ ದೋಣಿಯಲ್ಲಿ ತಿರುಗಾಡಿದ್ದರು. ಅದೇ ನದಿಯಲ್ಲಿ ನಾವೂ ಆಚೆ ದಡದ ಕೋಟೆಗುಡ್ಡ ಸದಾಶಿವಗಡದ ಬುಡದವರೆಗೆ ದೋಣಿಯಲ್ಲಿ ಹೋಗಬೇಕೆಂದು ಹೆಂಡತಿಯ ಹಟ. ಮಗಳಿಗೆ ಬೇಕಾದದ್ದು ಮಾಜಾಳಿಯ ಕಡೆ ಇರುವ ತೀಳ್ಮಾತಿ, ಎಳ್ಳಿನ ಹಾಗೆ ಕಪ್ಪು ಮರಳಿನ ಕಡಲತೀರ, ಅಲ್ಲಿಗೆ ಗುಡ್ಡ ಹತ್ತಿಳಿದು ನಡೆಯಬೇಕು. ಎರಡೂ ಮುಗಿಸಿ ಅದೇ ದಿನ ವಾಪಸು ಹೊರಡಲು ಆಗುವುದಿಲ್ಲ. ಬೆಳಿಗ್ಗೆ ಅವರಿಬ್ಬರೂ ತೀಳ್ಮಾತಿಗೆ ನಡೆದು ಬರುವುದು, ಅಷ್ಟು ಹೊತ್ತು ನಾನೂ ಅಮ್ಮನೂ ಟಾಗೋರ್ ಕಡಲತೀರದಲ್ಲಿ ಇರುವುದು, ಸಂಜೆ ಎಲ್ಲರೂ ದೋಣಿ ಹತ್ತುವುದು, ಹೀಗೆ ಒಂದು ದಾರಿ ಕಾಣುತ್ತಿದೆ. ಅದಕ್ಕೆ ಇನ್ನೊಂದು ರಾತ್ರಿ ಉಳಿಯಬೇಕು. ನಾಳೆ ಕಚೇರಿಯಲ್ಲಿ ಇನ್ನೊಂದು ದಿನದ ರಜೆ ಕೇಳುತ್ತೇನೆ.