ಜರ್ಮನಿಗೆ ಬರುವ ಮುನ್ನ ಲ್ಯಾಪ್‌ಟಾಪ್‌ನಿಂದ ಟೊರೆಂಟ್ ತೆಗೆಯಿರಿ

ಓದಲು ಜರ್ಮನಿಗೆ ಹೊರಟವರ ಪಟ್ಟಿಯಲ್ಲಿ ಬ್ಲಾಕ್ಡ್ ಅಕೌಂಟ್‌ನಿಂದ ಸಾಂಬಾರ್ ಪುಡಿಯವರೆಗೆ ಎಲ್ಲ ಇರುತ್ತದೆ. ಸಿನಿಮಾದಂಥ ಕಡತಗಳನ್ನು ಬಳಕೆದಾರರೇ ಪರಸ್ಪರ ಹಂಚಿಕೊಳ್ಳುವ ಟೊರೆಂಟ್ ತಂತ್ರಾಂಶ ತೆಗೆದುಹಾಕುವುದನ್ನೂ ಅದರಲ್ಲಿ ಬರೆದುಕೊಳ್ಳಿ. ಮುಟ್ಟದೆ ಬಿಟ್ಟರೆ ಸಾಲದು. ಎಷ್ಟೋ ತಂತ್ರಾಂಶಗಳು ಕಂಪ್ಯೂಟರ್ ಆನ್ ಆದೊಡನೆ ತಾವೇ ಎದ್ದು, ಊರಲ್ಲಿ ಎಂದೋ ಇಳಿಸಿಕೊಂಡ ಸಿನಿಮಾವನ್ನು ಹಿನ್ನೆಲೆಯಲ್ಲಿ ಹಂಚುತ್ತಿರುತ್ತವೆ. ಇಲ್ಲಿ ದುಬಾರಿ ಬೀಳುವುದು ಆ ಹಂಚಿಕೆಯೇ. ಪಾಪ್‌ಕಾರ್ನ್ ಟೈಮ್‌ನಂಥವು ನೋಡಲು ಸ್ಟ್ರೀಮಿಂಗ್, ಒಳಗೆ ಅಪ್ಪಟ ಟೊರೆಂಟ್.

ಸಿನಿಮಾದ ಹಕ್ಕುದಾರರು ನೇಮಿಸಿದ ಕಂಪನಿಗಳು ಟೊರೆಂಟ್ ಜಾಲದಲ್ಲಿ ಕೂತು ಹಂಚುವವರ ಐಪಿ ವಿಳಾಸವನ್ನೂ (ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ) ಸಮಯವನ್ನೂ ಗುರುತುಹಾಕಿಕೊಳ್ಳುತ್ತವೆ. ಆಮೇಲೆ ಕೋರ್ಟಿನ ಅನುಮತಿ ಪಡೆದು ಇಂಟರ್ನೆಟ್ ಕಂಪನಿಯಿಂದ ಹೆಸರು, ವಿಳಾಸ ತರಿಸುತ್ತಾರೆ. 2008ರಿಂದ ಕಾನೂನಿನಲ್ಲಿ ಇದಕ್ಕೆ ದಾರಿಯಿದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ‘ಆಬ್‌ಮಾನುಂಗ್’ ಎಂಬ ವಕೀಲರ ಪತ್ರ ಬರುತ್ತದೆ. ಒಂದು ಸಿನಿಮಾಕ್ಕೆ 700ರಿಂದ 1,000 ಯೂರೊ ಕೇಳುವುದು ಮಾಮೂಲು. ಜೊತೆಗೆ ಮತ್ತೆ ಹೀಗೆ ಮಾಡುವುದಿಲ್ಲವೆಂದು ಸಹಿ ಹಾಕಲು ಒಂದು ಮುಚ್ಚಳಿಕೆ, ಒಂದೆರಡು ವಾರದ ಗಡುವು.

ಇದು ದಂಧೆಯಾಯಿತೆಂದು ಜರ್ಮನರೇ ಸಿಡಿದೆದ್ದರು. ವಕೀಲರ ಶುಲ್ಕ ನಿಂತಿರುವುದು ಪ್ರಕರಣದ ಮೌಲ್ಯದ ಮೇಲೆ. ಒಂದು ಕಾಲಕ್ಕೆ ಆ ಮೌಲ್ಯವನ್ನು 10,000 ಯೂರೊ ಎಂದು ತೋರಿಸಿ, ವಕೀಲರ ಶುಲ್ಕವೇ 651.80 ಯೂರೊ ಎಂದು ಲೆಕ್ಕ ಕೊಡುತ್ತಿದ್ದರು. 2008ರಲ್ಲಿ ಸಂಸತ್ತು ‘ಸರಳ ಪ್ರಕರಣ’ಗಳಿಗೆ ಶುಲ್ಕ 100 ಯೂರೊ ಮೀರಬಾರದೆಂದಿತು, ಯಾವ ಪ್ರಕರಣವೂ ಸರಳವಲ್ಲ ಎಂದು ವಕೀಲರು ವಾದಿಸಿ ನುಣುಚಿಕೊಂಡರು. ನೆಟ್ ಸ್ವಾತಂತ್ರ್ಯದ ಮಾತಾಡುತ್ತಿದ್ದ ಪೈರೇಟ್ ಪಕ್ಷಕ್ಕೆ 2011ರ ಬರ್ಲಿನ್ ಚುನಾವಣೆಯಲ್ಲಿ 8.9% ಮತ ಬಿದ್ದದ್ದು ಇಂಥ ವಾತಾವರಣದಲ್ಲೇ. 2013ರ ಅಕ್ಟೋಬರ್‌ನಲ್ಲಿ ಬಂದ ಕಾನೂನು, ಖಾಸಗಿ ವ್ಯಕ್ತಿಯ ಮೊದಲ ತಪ್ಪಿಗೆ ಮೌಲ್ಯವನ್ನು ಸಾಮಾನ್ಯವಾಗಿ 1,000 ಯೂರೊಗೆ ಇಳಿಸಿತು. ಶುಲ್ಕ 124 ಯೂರೊಗೆ ಬಂತು (ಈಗ ದರ ಸ್ವಲ್ಪ ಏರಿದೆ). ನಷ್ಟ ಪರಿಹಾರಕ್ಕೆ ಮಾತ್ರ ಇಂಥ ಮಿತಿ ಹಾಕಲಿಲ್ಲ. ಇವತ್ತಿಗೂ ಮೊತ್ತ ದೊಡ್ಡದಿರುವುದು ಅದರಿಂದಲೇ. ಅರ್ಧ ಕೆಲಸ ಅನ್ನಬೇಕು.

2013ರ ಡಿಸೆಂಬರ್‌ನಲ್ಲೇ ರೆಡ್‌ಟ್ಯೂಬ್ ಎಂಬ ತಾಣದ ರಾದ್ಧಾಂತ. ಅಶ್ಲೀಲ ವಿಡಿಯೊ ಸ್ಟ್ರೀಮ್ ಮಾಡಿದಿರೆಂದು ಹತ್ತಾರು ಸಾವಿರ ಮನೆಗಳಿಗೆ ತಲಾ 250 ಯೂರೊ ಬೇಡಿಕೆ ಹೋಯಿತು. ಇಂಥ ಪತ್ರ ಹಿಡಿದು ಯಾರ ಬಳಿ ಸಲಹೆ ಕೇಳುವುದು? ನಾಚಿಕೆಗೆ ಅಂಜಿ ಕಟ್ಟಿಬಿಡುತ್ತಾರೆ ಎಂಬ ಎಣಿಕೆಯಿತ್ತೆಂದು ಕಾಣುತ್ತದೆ. ಜನ ಗದ್ದಲವೆಬ್ಬಿಸಿದರು. ವಿಳಾಸ ಕೊಡಿಸಿದ್ದ ಕೋಲ್ನ್ ಕೋರ್ಟೇ 2014ರ ಜನವರಿಯಲ್ಲಿ ತನ್ನ ಆದೇಶ ತಪ್ಪಾಗಿತ್ತೆಂದು ಒಪ್ಪಿತು. ಹಾಗೆಂದು ಸ್ಟ್ರೀಮಿಂಗ್ ಎಲ್ಲ ನಿರಾತಂಕವಲ್ಲ. ಕಳ್ಳ ಮೂಲವೆಂದು ಕಣ್ಣಿಗೆ ರಾಚುವಂತಿದ್ದರೆ ನೋಡುವುದೂ ಉಲ್ಲಂಘನೆ ಎಂದು 2017ರಲ್ಲಿ ಐರೋಪ್ಯ ನ್ಯಾಯಾಲಯ ಹೇಳಿದೆ.

ಪತ್ರ ಬಂದರೆ? ಲಗತ್ತಿಸಿದ ಮುಚ್ಚಳಿಕೆಗೆ ಹಾಗೇ ಸಹಿ ಹಾಕಬೇಡಿ. ಅದು ಜೀವನಪರ್ಯಂತ ಕಟ್ಟಿಹಾಕುತ್ತದೆ, ಮತ್ತೆ ಸಿಕ್ಕಿಬಿದ್ದರೆ ಸಾವಿರಾರು ಯೂರೊ ದಂಡ. ಸುಮ್ಮನಿರುವುದೂ ಅಷ್ಟೇ ಅಪಾಯ: ಎದುರಿನವರು ತುರ್ತು ತಡೆಯಾಜ್ಞೆ ತಂದರೆ ಆ ಖರ್ಚೂ ನಿಮ್ಮ ತಲೆಗೆ. ರೂಢಿಯ ದಾರಿ ತಿದ್ದಿದ ಮುಚ್ಚಳಿಕೆ. ‘ಹೊಣೆ ಒಪ್ಪದೆ, ಆದರೆ ಕಾನೂನಿಗೆ ಬದ್ಧನಾಗಿ’ ಎಂದು ಬರೆದು, ಆ ಒಂದು ಕೃತಿಗಷ್ಟೇ ಸೀಮಿತಗೊಳಿಸಿ, ದಂಡದ ಮೊತ್ತ ನಮೂದಿಸದೆ ಕೊಡುವುದು. ತಪ್ಪು ನಿಮ್ಮದಲ್ಲದಿದ್ದರೆ ಅದನ್ನೂ ಕೊಡಬೇಕೇ ಬೇಡವೇ ಎಂದು ವಕೀಲರನ್ನು ಕೇಳಿ. ಗ್ರಾಹಕ ಕೇಂದ್ರ, ಅಂದರೆ ಫೆರ್‌ಬ್ರಾಉಖರ್‌ತ್ಸೆಂಟ್ರಾಲೆ, ಸಲಹೆ ಕೊಡುತ್ತದೆ. ಆದಾಯ ಕಡಿಮೆಯಿದ್ದರೆ ಸ್ಥಳೀಯ ಕೋರ್ಟಿನಲ್ಲಿ ‘ಬೆರಾಟುಂಗ್ಸ್‌ಶೈನ್’, ಅಂದರೆ ಕಾನೂನು ಸಲಹೆಯ ಚೀಟಿ, ಕೇಳಿ. ಅದು ಸಿಕ್ಕರೆ ವಕೀಲರಿಗೆ 15 ಯೂರೊ ಸಾಕು.

ರೂಮ್‌ಮೇಟ್‌ಗಳ ಜೊತೆಗಿರುವವರಿಗೆ ವೈಫೈ ಯಾರ ಹೆಸರಲ್ಲಿದೆ ಎನ್ನುವುದೇ ಮುಖ್ಯ, ಪತ್ರ ಬರುವುದು ಅವರಿಗೆ. ವಯಸ್ಕ ಸಹವಾಸಿಗಳಿಗೂ ಅತಿಥಿಗಳಿಗೂ ಮೊದಲೇ ಎಚ್ಚರಿಕೆ ಕೊಡುವ ಹೊಣೆ ಸಂಪರ್ಕ ಯಾರ ಹೆಸರಲ್ಲಿದೆಯೋ ಅವರಿಗಿಲ್ಲ ಎಂದು ಸುಪ್ರೀಂ ಕೋರ್ಟಿಗೆ ಸಮನಾದ ಬಿಜಿಎಚ್ 2016ರಲ್ಲಿ ತೀರ್ಪು ಕೊಟ್ಟಿದೆ. ಆದರೂ ‘ಯಾರೋ ಮಾಡಿರಬೇಕು’ ಎಂದರೆ ನಡೆಯದು. ಆ ಹೊತ್ತಿನಲ್ಲಿ ಇನ್ನಾರು ನೆಟ್ ಬಳಸಬಹುದಿತ್ತು ಎಂದು ನಿರ್ದಿಷ್ಟವಾಗಿ ಹೇಳಬೇಕು. ಸುಳ್ಳು ಹೆಸರು ಹೇಳಿದರೆ ವಿಷಯ ಕ್ರಿಮಿನಲ್ ಮಟ್ಟಕ್ಕೆ ಹೋಗುತ್ತದೆ.

ಕೊನೆಗೆ ಹಳದಿ ಲಕೋಟೆ. ಅದರಲ್ಲಿ ಕೋರ್ಟಿನ ‘ಮಾನ್‌ಬೆಶೈಡ್’, ಅಂದರೆ ಹಣ ಕಟ್ಟಿರೆಂಬ ಆದೇಶ, ಇದ್ದರೆ ಕೈಯಲ್ಲಿರುವುದು ಎರಡೇ ವಾರ. ಆಕ್ಷೇಪದ ನಮೂನೆ ಜೊತೆಗೇ ಇರುತ್ತದೆ, ಕಾರಣ ಬರೆಯಬೇಕಿಲ್ಲ, ಗುರುತು ಹಾಕಿ ಸಹಿ ಮಾಡಿ ಕಳಿಸಿದರಾಯಿತು. ಆಕ್ಷೇಪಿಸದಿದ್ದರೆ ಕೋರ್ಟು ಬೇಡಿಕೆ ನ್ಯಾಯವೇ ಎಂದು ನೋಡುವ ಗೋಜಿಗೂ ಹೋಗದೆ ಜಪ್ತಿಯ ಆದೇಶ ಹೊರಡಿಸಬಹುದು. ದಸರಾ ರಜೆಗೆ ಊರಿಗೆ ಹೊರಟಿದ್ದರೆ ಅಂಚೆ ಡಬ್ಬಿ ನೋಡಲು ಯಾರಿಗಾದರೂ ಹೇಳಿಹೋಗಿ: ಲಕೋಟೆಯನ್ನು ಡಬ್ಬಿಗೆ ಹಾಕಿದ ದಿನಾಂಕವನ್ನು ಅಂಚೆಯವರು ಅದರ ಮೇಲೇ ಬರೆದಿರುತ್ತಾರೆ, ಎರಡು ವಾರದ ಲೆಕ್ಕ ಅಂದಿನಿಂದಲೇ.